ಮಾರುವಾಗ ಗ್ಯಾರಂಟಿ, ತಪ್ಪಿದಾಗ ಅಂದಾಜು

ಸರ್ಜಾಪುರ, ದೊಮ್ಮಸಂದ್ರ, ಅತ್ತಿಬೆಲೆ, ಚಂದಾಪುರ, ಬೆಂಗಳೂರಿನ ಅಂಚಿನ ಈ ಭಾಗದ ಯಾವ ಮನೆಯಲ್ಲಿ ಕಾಯಿಲೆಯ ಮಾತು ಬಂದರೂ ಒಂದು ಮಾತು ಕೇಳಿಸುತ್ತದೆ: “ಸ್ಕ್ಯಾನಿಂಗ್ ಮಾಡಿಸಿದ್ವಿ, ನಾರ್ಮಲ್ ಬಂತು, ಏನೂ ಇಲ್ವಂತೆ.” ಆ ಭರವಸೆ ಹಿಡಿದು ಮನೆಗೆ ಹೋದವರಲ್ಲಿ ಕೆಲವರಿಗೆ ತಿಂಗಳುಗಳ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಹಳೆಯ ರಿಪೋರ್ಟ್ ತೆಗೆದುಕೊಂಡು ಹೋಗಿ ಕೇಳಿದರೆ ಇನ್ನೊಂದು ಮಾತು ಸಿದ್ಧವಾಗಿರುತ್ತದೆ: “ನೋಡೀಮ್ಮ, ಯಾವ ಸ್ಕ್ಯಾನೂ ನೂರಕ್ಕೆ ನೂರು ಹೇಳಕ್ಕಾಗಲ್ಲ.”

ಈ ಎರಡನೆಯ ಮಾತು ನಿಜವೇ. ಆದರೆ ಅದನ್ನು ಮೊದಲೇ ಏಕೆ ಹೇಳಲಿಲ್ಲ? ದುಡ್ಡು ಕಟ್ಟಿಸಿಕೊಂಡ ಕೌಂಟರಿನಲ್ಲಿ ಏಕೆ ಹೇಳಲಿಲ್ಲ? ರಿಪೋರ್ಟ್ ಕೈಗಿಟ್ಟು “ಧೈರ್ಯವಾಗಿರಿ” ಎಂದ ದಿನ ಏಕೆ ಹೇಳಲಿಲ್ಲ? ಮಾರುವಾಗ ಗ್ಯಾರಂಟಿ, ತಪ್ಪಿದಾಗ ಅಂದಾಜು. ನಮ್ಮ ರೋಗಪತ್ತೆಯ ವ್ಯಾಪಾರ ನಿಂತಿರುವುದು ಈ ನಡತೆಯ ಮೇಲೆ. ಇದಕ್ಕೆ ಬಲಿಯಾದವರು “ಇನ್ನು ಮೇಲೆ ಸ್ಕ್ಯಾನ್ ನಂಬಲ್ಲ” ಎಂದರೆ, ಅವರು ದುಃಖದಲ್ಲಿದ್ದಾರೆ, ತಿಳಿವಳಿಕೆ ಸಾಲದು, ಅರಿವು ಮೂಡಿಸಿದರೆ ಸರಿಹೋಗುತ್ತಾರೆ ಎಂದು ಓದಿದವರು ತೀರ್ಪು ಕೊಡುತ್ತಾರೆ. ಆಸ್ಪತ್ರೆಗಳು, ಆರೋಗ್ಯ ಅಧಿಕಾರಿಗಳು, ಕಂಪನಿಗಳ ಎಚ್‌ಆರ್ ವಿಭಾಗಗಳು ಎಲ್ಲರಿಗೂ ಅನುಕೂಲವಾದ ಅಭಿಪ್ರಾಯ ಇದು. ಇದು ಸುಳ್ಳು, ಅಪಾಯಕಾರಿ ಕೂಡ. ಸ್ಕ್ಯಾನಿನ ಮೇಲಿನ ನಂಬಿಕೆ ತಾನಾಗಿ ಹೋಗಿಲ್ಲ, ಅದನ್ನು ಕಳೆದವರಿದ್ದಾರೆ. ಅವರ ಮೇಲಿನ ಆರೋಪಗಳನ್ನು ಒಂದೊಂದಾಗಿ ಇಡುತ್ತೇನೆ.

ಮೊದಲನೆಯದು: ಸ್ಕ್ಯಾನಿನ ಮಿತಿಯನ್ನು ರೋಗಿಯಿಂದ ಮುಚ್ಚಿಟ್ಟಿದ್ದಾರೆ.

ಬೆಂಗಳೂರಿನ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರ್. ಅದನ್ನು ಹುಡುಕಲು ಮುಖ್ಯವಾಗಿ ಬಳಸುವುದು ಮ್ಯಾಮೊಗ್ರಾಂ. ಇರುವ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಎಂಟಕ್ಕೆ ಒಂದನ್ನು ಮ್ಯಾಮೊಗ್ರಾಂ ಹಿಡಿಯುವುದಿಲ್ಲ ಎಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಬಹಿರಂಗವಾಗಿಯೇ ಹೇಳುತ್ತದೆ. ಕಾರಣವೂ ಗೊತ್ತಿರುವುದೇ. ಸ್ತನದಲ್ಲಿ ಕೊಬ್ಬಿಗಿಂತ ಗ್ರಂಥಿ ಮತ್ತು ನಾರಿನ ಭಾಗ ಹೆಚ್ಚಿದ್ದರೆ ಚಿತ್ರದಲ್ಲಿ ಅದೂ ಬೆಳ್ಳಗೆ ಕಾಣುತ್ತದೆ, ಗೆಡ್ಡೆಯೂ ಬೆಳ್ಳಗೆ ಕಾಣುತ್ತದೆ. ಬಿಳಿಯಲ್ಲಿ ಬಿಳಿ ಅಡಗುತ್ತದೆ. ವಯಸ್ಸು ಕಡಿಮೆ ಇದ್ದಷ್ಟೂ ಹೀಗಾಗುವುದು ಹೆಚ್ಚು. ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಪ್ರತಿ ಮ್ಯಾಮೊಗ್ರಾಂ ಕೇಂದ್ರವೂ ಹೆಂಗಸಿಗೆ ಅವಳ ಸ್ತನದ ಸಾಂದ್ರತೆ ಎಷ್ಟು, ಅದರಿಂದ ಕ್ಯಾನ್ಸರ್ ಕಾಣದೆ ಹೋಗಬಹುದೇ ಎಂಬುದನ್ನು ಸರಳ ಭಾಷೆಯಲ್ಲಿ ಬರೆದುಕೊಡಬೇಕು. ಅದು ಅಲ್ಲಿನ ಕಾನೂನು. ಸರ್ಜಾಪುರ ರಸ್ತೆಯಲ್ಲಿ ಮ್ಯಾಮೊಗ್ರಾಂ ಮಾಡಿಸಿಕೊಂಡ ಎಷ್ಟು ಹೆಂಗಸರಿಗೆ ಈ ಮಾತನ್ನು ಕನ್ನಡದಲ್ಲಿ, ಒಂದೇ ಒಂದು ಸಾಲಿನಲ್ಲಾದರೂ, ಬರೆದುಕೊಟ್ಟಿದ್ದಾರೆ?

ಕೈಗೆ ಗಂಟು ಸಿಕ್ಕಿದ್ದರೆ, ಚಿತ್ರ ಏನೇ ಹೇಳಲಿ, ಪರೀಕ್ಷೆ ಅಲ್ಲಿಗೆ ನಿಲ್ಲಬಾರದು. ವೈದ್ಯರ ಕೈ ಪರೀಕ್ಷೆ, ಸ್ಕ್ಯಾನ್, ಸೂಜಿ ಹಾಕಿ ತೆಗೆದ ತುಣುಕಿನ ಬಯಾಪ್ಸಿ, ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಿಶ್ಚಿಂತೆ. ವೈದ್ಯಕೀಯ ಪುಸ್ತಕಗಳಲ್ಲಿ ಹಳೆಯ ಪಾಠ ಇದು. ಆದರೆ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಒಂದು ದಿನದ ಸಂಬಳ ಬಿಟ್ಟು ಬಂದ ಹೆಣ್ಣುಮಗಳಿಗೆ ಚಿತ್ರ ‘ನಾರ್ಮಲ್’ ಬಂದ ಕೂಡಲೇ ಬಾಗಿಲು ಮುಚ್ಚುತ್ತದೆ. “ಗಂಟು ಹಾಗೇ ಇದೆ ಡಾಕ್ಟ್ರೇ” ಎಂದರೆ “ರಿಪೋರ್ಟ್ ನೋಡಿದ್ದೀನಲ್ಲಮ್ಮ” ಎಂಬ ಉತ್ತರ. ಅವಳ ಬೆರಳಿಗೆ ಸಿಕ್ಕಿದ ಸಾಕ್ಷಿಗಿಂತ ಕಾಗದದ ಮಾತು ದೊಡ್ಡದಾಗುತ್ತದೆ.

ಶ್ವಾಸಕೋಶದ ವಿಷಯದಲ್ಲೂ ಇದೇ ಕಥೆ. ಜಿಗಣಿಯ ಗ್ರಾನೈಟ್ ಘಟಕಗಳಲ್ಲಿ ಕಲ್ಲಿನ ಧೂಳು ಕುಡಿದವನ ಎದೆಯ ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ಕಫದ ಪರೀಕ್ಷೆ ಖಚಿತಪಡಿಸದಿದ್ದರೂ ಟಿಬಿ ಮಾತ್ರೆ ಶುರುವಾಗುವುದುಂಟು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ ಎಂಬುದು ಸಾಬೀತಾದ ವಿಷಯ. ಆದರೂ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿ, ಮಚ್ಚೆ ಕರಗಲಿಲ್ಲವೆಂದ ಮೇಲೆ ಬಯಾಪ್ಸಿಗೆ ಕಳಿಸುವುದು ಈ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಸಿಗುವುದಕ್ಕೆ ಒಂದು ದೊಡ್ಡ ಕಾರಣ. ಇಲ್ಲಿ ಎಕ್ಸ್‌ರೇ ಸುಳ್ಳು ಹೇಳಲಿಲ್ಲ, ಮಚ್ಚೆಯನ್ನು ತೋರಿಸಿತು. ಅಷ್ಟಕ್ಕೇ ಉತ್ತರ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದವರು ಮನುಷ್ಯರು.

ಎರಡನೆಯ ಆರೋಪ: ಯಂತ್ರವನ್ನು ಮೆರೆಸಿ, ಓದುವ ಮನುಷ್ಯನನ್ನು ಮರೆಸಿದ್ದಾರೆ.

ಬೋರ್ಡುಗಳನ್ನು ನೋಡಿ. ಯಂತ್ರದ ಹೆಸರು, ಎಷ್ಟು ಟೆಸ್ಲಾ, ಎಷ್ಟು ಸ್ಲೈಸ್, ಎಷ್ಟು ಹೊಸತು, ಎಲ್ಲ ದಪ್ಪ ಅಕ್ಷರದಲ್ಲಿರುತ್ತದೆ. ಚಿತ್ರ ಓದುವ ರೇಡಿಯಾಲಜಿಸ್ಟ್ ಯಾರು? ದಿನಕ್ಕೆ ಎಷ್ಟು ಓದುತ್ತಾರೆ? ಅವರು ಸ್ತನದ ಚಿತ್ರ ಓದುವುದರಲ್ಲಿ ಪಳಗಿದವರೇ? ಇದಾವುದೂ ಬೋರ್ಡಿನಲ್ಲಿಲ್ಲ. ಯಂತ್ರ ಚಿತ್ರ ತೆಗೆಯುತ್ತದೆ ಅಷ್ಟೇ, ಕ್ಯಾನ್ಸರನ್ನು ನೋಡಬೇಕಾದ್ದು ಮನುಷ್ಯನ ಕಣ್ಣು. ಆ ಕಣ್ಣು ತಪ್ಪುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಅಮೆರಿಕದ ರೇಡಿಯಾಲಜಿಸ್ಟ್ ಹೆನ್ರಿ ಗಾರ್ಲೆಂಡ್ 1949ರಲ್ಲೇ, ರೋಗವಿರುವ ಎದೆಯ ಎಕ್ಸ್‌ರೇಗಳಲ್ಲಿ ಸುಮಾರು ಶೇಕಡಾ 30ರಷ್ಟನ್ನು ಅನುಭವಿಗಳೇ ಬಿಟ್ಟುಬಿಡುತ್ತಾರೆ ಎಂದು ತೋರಿಸಿದ್ದರು. 2013ರಲ್ಲಿ ಬಾಸ್ಟನ್ನಿನ ಸಂಶೋಧಕರು ಶ್ವಾಸಕೋಶದ ಸಿಟಿ ಸ್ಕ್ಯಾನ್ ಒಳಗೆ, ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟರಿಗೆ ಕೊಟ್ಟರು. 20 ಜನಕ್ಕೆ ಅದು ಕಾಣಲೇ ಇಲ್ಲ. ಅವರು ದಡ್ಡರಲ್ಲ. ಅವರು ಹುಡುಕುತ್ತಿದ್ದದ್ದು ಸಣ್ಣ ಗಂಟುಗಳನ್ನು. ಹುಡುಕುವುದು ಏನೆಂದು ಮೊದಲೇ ನಿಶ್ಚಯಿಸಿದ ಕಣ್ಣಿಗೆ ಬೇರೆಯದು ಬೀಳುವುದಿಲ್ಲ.

ಇದು ಗೊತ್ತಿರುವ ದೇಶಗಳು ಏನು ಮಾಡಿವೆ? ಅಮೆರಿಕ 1992ರಲ್ಲೇ ಮ್ಯಾಮೊಗ್ರಾಂ ಗುಣಮಟ್ಟಕ್ಕಾಗಿ ಪ್ರತ್ಯೇಕ ಕಾನೂನು ತಂದಿತು. ಅದರಡಿ ಎರಡು ವರ್ಷದಲ್ಲಿ ಕನಿಷ್ಠ 960 ಮ್ಯಾಮೊಗ್ರಾಂ ಓದದ ವೈದ್ಯರು ಆ ಕೆಲಸ ಮುಂದುವರಿಸುವಂತಿಲ್ಲ. ಬ್ರಿಟನ್ನಿನ ಸರ್ಕಾರಿ ತಪಾಸಣೆಯಲ್ಲಿ ಒಬ್ಬೊಬ್ಬರು ವರ್ಷಕ್ಕೆ ಕನಿಷ್ಠ 5,000 ಓದಬೇಕು. ಒಂದೊಂದು ಚಿತ್ರವನ್ನೂ ಇಬ್ಬರು ಬೇರೆಬೇರೆಯಾಗಿ ಓದುತ್ತಾರೆ. ನಮ್ಮಲ್ಲಿ? ಬೆಳಿಗ್ಗೆ ಮಂಡಿಯ ಎಂಆರ್‌ಐ, ಮಧ್ಯಾಹ್ನ ಬಸುರಿಯರ ಸ್ಕ್ಯಾನ್, ಸಂಜೆ ಗುಡ್ಡೆ ಬಿದ್ದ ಹೆಲ್ತ್ ಚೆಕಪ್ ಎಕ್ಸ್‌ರೇಗಳು, ಅದರ ನಡುವೆ ಒಂದು ಮ್ಯಾಮೊಗ್ರಾಂ. ಹಳೆಯ ಫಿಲ್ಮು ಪಕ್ಕದಲ್ಲಿಟ್ಟು ಹೋಲಿಸಲು ಸಮಯವಿಲ್ಲ. ಕಳಿಸಿದ ಡಾಕ್ಟರ ಚೀಟಿಯಲ್ಲಿ ಗಂಟು ಯಾವ ಕಡೆ, ಎಷ್ಟು ದಿನದಿಂದ ಎಂಬ ವಿವರವಿಲ್ಲ. ರಿಪೋರ್ಟಿನ ಕೊನೆಯಲ್ಲಿ ಮಾತ್ರ, ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ ನೋಡುವುದು ಎಂಬ ಇಂಗ್ಲಿಷ್ ಸಾಲು ತಪ್ಪದೆ ಇರುತ್ತದೆ. ಓದಿದವರು ಹೊಣೆಯನ್ನು ಕಳಿಸಿದವರಿಗೆ ದಾಟಿಸುತ್ತಾರೆ, ಕಳಿಸಿದವರು ರಿಪೋರ್ಟಿನ ಮೇಲೆ ಹಾಕುತ್ತಾರೆ. ಇಬ್ಬರ ನಡುವೆ ಜಾರಿ ಬೀಳುವುದು ಒಂದು ಜೀವ.

ನಮಗೆ ಸಾಮರ್ಥ್ಯವಿಲ್ಲ ಎನ್ನುವಂತೆಯೂ ಇಲ್ಲ. ಸ್ಕ್ಯಾನ್ ಯಂತ್ರಗಳನ್ನು ತಯಾರಿಸುವ ವಿಪ್ರೊ ಜಿಇ ಕಂಪನಿ ಇರುವುದು ವೈಟ್‌ಫೀಲ್ಡ್ ಭಾಗದಲ್ಲಿ. ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನುಗಳನ್ನು ಬೆಂಗಳೂರಿನಲ್ಲಿ ಕುಳಿತು ಓದುವ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಶುರುವಾದದ್ದು 2002ರಲ್ಲಿ. ಅಲ್ಲಿನ ರೋಗಿಯ ಚಿತ್ರಕ್ಕೆ ಅಂತಿಮ ವರದಿ ಕೊಡಬೇಕಾದರೆ ಅಲ್ಲಿನ ಲೈಸೆನ್ಸ್ ಇರಬೇಕು, ಅಲ್ಲಿನ ಕಾನೂನಿಗೆ ತಲೆಬಾಗಬೇಕು. ಏಳು ಸಮುದ್ರದಾಚೆಯ ರೋಗಿಗೆ ಲೆಕ್ಕ ಒಪ್ಪಿಸಬಲ್ಲ ಊರು ಪಕ್ಕದ ಆನೇಕಲ್ ತಾಲ್ಲೂಕಿನ ರೋಗಿಗೆ ಏಕೆ ಲೆಕ್ಕ ಒಪ್ಪಿಸಬಾರದು?

ಮೂರನೆಯ ಆರೋಪ ಸರ್ಕಾರದ ಮೇಲೆ: ಅದು ಯಂತ್ರವನ್ನು ಕಾಯುತ್ತದೆ, ಓದನ್ನು ಕಾಯುವುದಿಲ್ಲ.

ಎಕ್ಸ್‌ರೇ, ಸಿಟಿ, ಮ್ಯಾಮೊಗ್ರಾಂ ಯಂತ್ರಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಗೋಡೆಯ ದಪ್ಪ, ವಿಕಿರಣದ ಪ್ರಮಾಣ ಎಲ್ಲದಕ್ಕೂ ನಿಯಮವಿದೆ. ಸ್ಕ್ಯಾನಿಂಗ್ ಕೇಂದ್ರಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಬೇಕು. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರ ಇಟ್ಟುಕೊಳ್ಳುವ ಕೇಂದ್ರಗಳೆಲ್ಲ ನೋಂದಣಿಯಾಗಬೇಕು, ಬಸುರಿಯ ಪ್ರತಿ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು. ಆ ಫಾರಂ ತುಂಬುವುದರಲ್ಲಿ ಲೋಪವಾದರೂ ಶಿಕ್ಷೆಯುಂಟು ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಅದು ಸರಿಯಾದ ಕಾನೂನು. ಮನಸ್ಸು ಮಾಡಿದರೆ ಮೂಲೆಯ ಊರಿನ ಒಂದೊಂದು ಸ್ಕ್ಯಾನಿನ ಲೆಕ್ಕವನ್ನೂ ಈ ಸರ್ಕಾರ ಇಡಬಲ್ಲದು ಎಂಬುದಕ್ಕೆ ಅದೇ ಪುರಾವೆ.

ಹಾಗಿದ್ದರೆ ಕ್ಯಾನ್ಸರ್ ತಪ್ಪಿದ ಲೆಕ್ಕ ಎಲ್ಲಿದೆ? ಒಂದು ಕೇಂದ್ರ ವರ್ಷಕ್ಕೆ ಎಷ್ಟು ಮ್ಯಾಮೊಗ್ರಾಂ ಓದಿತು, ಅದರಲ್ಲಿ ‘ನಾರ್ಮಲ್’ ಎಂದ ಎಷ್ಟು ಜನರಿಗೆ ವರ್ಷದೊಳಗೆ ಕ್ಯಾನ್ಸರ್ ಬಂತು ಎಂದು ಯಾವ ಅಧಿಕಾರಿ ಕೇಳುತ್ತಾರೆ? ಸಂತೆಯಲ್ಲಿ ತರಕಾರಿ ಮಾರುವವರ ತಕ್ಕಡಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಒಬ್ಬರ ಬದುಕು ತೂಗುವ ಓದಿಗೆ ಯಾರ ಮುದ್ರೆಯೂ ಬೇಡವೇ?

ನಾಲ್ಕನೆಯ ಆರೋಪ: ಓದಿಗೆ ಹೋಗಬೇಕಾದ ದುಡ್ಡು ಕಮಿಷನ್ನಿಗೆ ಹೋಗುತ್ತದೆ.

ಇದು ಗಾಳಿಮಾತಲ್ಲ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಕೇಂದ್ರಗಳ ಮೇಲೆ ದಾಳಿ ಮಾಡಿ, ರೋಗಿಯನ್ನು ಕಳಿಸಿದ ವೈದ್ಯರಿಗೆ ಎಂಆರ್‌ಐ ಶುಲ್ಕದ ಶೇಕಡಾ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಗಳ ಶೇಕಡಾ 20ರಷ್ಟು ಕಮಿಷನ್ ಕೊಡಲಾಗುತ್ತಿತ್ತು ಎಂದು ಪ್ರಕಟಿಸಿತು. ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳಲ್ಲಿ ಇಂಥ ಕಮಿಷನ್ನಿಗೆ ನೇರ ನಿಷೇಧವಿದೆ. ಮೂರನೇ ಒಂದು ಭಾಗ ಕಳಿಸಿದವರ ಜೇಬಿಗೆ, ಇನ್ನೊಂದು ಭಾಗ ಯಂತ್ರದ ಸಾಲದ ಕಂತಿಗೆ, ಮತ್ತೊಂದು ಭಾಗ ಜಾಹೀರಾತಿಗೆ ಹೋದ ಮೇಲೆ ಎರಡನೇ ಕಣ್ಣಿಗೆ ಎಷ್ಟು ಉಳಿಯುತ್ತದೆ? ಕಳಿಸಿದ ವೈದ್ಯರೇ ಪಾಲುದಾರರಾದರೆ, “ಈ ರಿಪೋರ್ಟ್ ನನಗೆ ಸಮಾಧಾನ ಇಲ್ಲ, ಮತ್ತೆ ಓದಿಸಿ” ಎಂದು ಆ ಕೇಂದ್ರಕ್ಕೆ ಗಟ್ಟಿಯಾಗಿ ಹೇಳುವವರು ಯಾರು?

ಇನ್ನು ಪ್ಯಾಕೇಜುಗಳು. ಸರ್ಜಾಪುರ ರಸ್ತೆಯ ಐಟಿ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್, ಅಪಾರ್ಟ್‌ಮೆಂಟುಗಳಲ್ಲಿ ಭಾನುವಾರದ ಕ್ಯಾಂಪ್. ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿಯ ಆಸೆ ಬೇರೆ. ಏನೂ ತೊಂದರೆಯಿಲ್ಲದವರ ಹೊಟ್ಟೆಯನ್ನೆಲ್ಲ ಸ್ಕ್ಯಾನ್ ಮಾಡಿ ಸರತಿ ಬೆಳೆಸುವ ಈ ವ್ಯಾಪಾರದಲ್ಲಿ, ನಿಜವಾಗಿ ಗಂಟು ಹಿಡಿದುಕೊಂಡು ಬಂದವಳ ಚಿತ್ರಕ್ಕೂ ಅಷ್ಟೇ ನಿಮಿಷ ಸಿಗುತ್ತದೆ. ಬೇಕಿಲ್ಲದ ಸ್ಕ್ಯಾನುಗಳ ಅಪಾಯವೂ ಸಣ್ಣದಲ್ಲ. ದಕ್ಷಿಣ ಕೊರಿಯಾದಲ್ಲಿ ಪ್ಯಾಕೇಜಿನ ಜೊತೆ ಕುತ್ತಿಗೆಯ ಅಲ್ಟ್ರಾಸೌಂಡ್ ಸೇರಿಸಿದ್ದರ ಫಲವಾಗಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರಿಂದ 2011ರೊಳಗೆ 15 ಪಟ್ಟು ಏರಿತು, ಸಾವು ಮಾತ್ರ ಇಳಿಯಲಿಲ್ಲ. ಇದ್ದದ್ದನ್ನು ಬಿಡುವುದು, ಬೇಡದ್ದನ್ನು ಹುಡುಕಿ ಕೊಯ್ಯುವುದು, ಎರಡೂ ಒಂದೇ ಅವಸರದ ಫಲ.

ಐದನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ತಪ್ಪು ಗೊತ್ತಾದ ಮೇಲೂ ರೋಗಿಗೆ ಹೇಳುವುದಿಲ್ಲ.

ಐರ್ಲೆಂಡಿನ ವಿಕಿ ಫೆಲನ್ ಅವರಿಗೆ 2011ರಲ್ಲಿ ಗರ್ಭಕಂಠದ ಪರೀಕ್ಷೆ ‘ನಾರ್ಮಲ್’ ಎಂದು ಬಂತು. 2014ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಹಳೆಯ ಮಾದರಿಯನ್ನು ಮತ್ತೆ ನೋಡಿದಾಗ ಮೊದಲ ಓದು ತಪ್ಪೆಂದು ವ್ಯವಸ್ಥೆಗೆ ಆಗಲೇ ಗೊತ್ತಾಯಿತು. ಅವರಿಗೆ ತಿಳಿಸಿದ್ದು 2017ರಲ್ಲಿ. 2018ರಲ್ಲಿ ಕೋರ್ಟಿನಲ್ಲಿ 25 ಲಕ್ಷ ಯೂರೊ ಪರಿಹಾರಕ್ಕೆ ಒಪ್ಪಂದವಾಯಿತು, ಆದರೆ ವಿಷಯ ಗುಟ್ಟಾಗಿಡುವ ಷರತ್ತಿಗೆ ಅವರು ಒಪ್ಪಲಿಲ್ಲ. ಅವರು ಬಾಯಿ ಬಿಟ್ಟದ್ದರಿಂದಲೇ ಅದೇ ಸ್ಥಿತಿಯಲ್ಲಿದ್ದ 200ಕ್ಕೂ ಹೆಚ್ಚು ಹೆಂಗಸರ ವಿಷಯ ಹೊರಬಂತು. ಅವರಲ್ಲಿ ಬಹುಪಾಲು ಜನರಿಗೆ ಯಾರೂ ಏನೂ ಹೇಳಿರಲಿಲ್ಲ. ವಿಕಿ 2022ರ ನವೆಂಬರಿನಲ್ಲಿ ತೀರಿಕೊಂಡರು. 2023ರಲ್ಲಿ ಐರ್ಲೆಂಡ್, ಗಂಭೀರ ತಪ್ಪುಗಳನ್ನು ರೋಗಿಗೆ ತಿಳಿಸುವುದು ಕಡ್ಡಾಯ ಎಂದು ಕಾನೂನು ಮಾಡಿತು. ವಿಕಿಯವರದು ಸ್ಕ್ಯಾನ್ ಅಲ್ಲ, ಗಾಜಿನ ಮೇಲಿನ ಜೀವಕೋಶಗಳ ಪರೀಕ್ಷೆ. ಆದರೆ ಗಾಯ ಒಂದೇ. ಓದು ತಪ್ಪಿದ್ದು ಜನರನ್ನು ಅಷ್ಟು ಕೆರಳಿಸಲಿಲ್ಲ, ಮುಚ್ಚಿಟ್ಟದ್ದು ಕೆರಳಿಸಿತು.

ಇಲ್ಲಿ ಅಂಥ ಕಾನೂನಿಲ್ಲ. ವೈದ್ಯಕೀಯ ಸೇವೆಗೂ ಗ್ರಾಹಕ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು, ನಿಜ. ಆದರೆ ಕೀಮೊಥೆರಪಿಯ ಸುಸ್ತಿನಲ್ಲಿರುವವರು ವಕೀಲರನ್ನು ಹಿಡಿದು, ಒಬ್ಬ ವೈದ್ಯರ ವಿರುದ್ಧ ಇನ್ನೊಬ್ಬ ವೈದ್ಯರ ಅಭಿಪ್ರಾಯ ತರಬೇಕು. ಕೇಸು ಮುಗಿಯುವವರೆಗೆ ಬದುಕಿರಬೇಕು. ತಪ್ಪನ್ನು ಹೇಳಬೇಕಾದವರು ಸುಮ್ಮನಿದ್ದು, ನೊಂದವರೇ ಅದನ್ನು ಸಾಬೀತುಮಾಡಬೇಕೆಂಬ ವ್ಯವಸ್ಥೆಯನ್ನು ನ್ಯಾಯ ಎನ್ನಲು ಸಾಧ್ಯವೇ?

ಇದನ್ನೆಲ್ಲ ಬರೆದರೆ ಜನ ಸ್ಕ್ಯಾನಿಗೇ ಹೆದರುತ್ತಾರೆ, ತಪಾಸಣೆಯೇ ಬೇಡವೆನ್ನುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಜನ ಈಗಾಗಲೇ ದೂರ ಸರಿದಿದ್ದಾರೆ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ವೈದ್ಯ ನಾರಾಯಣಮೂರ್ತಿಯವರ ಮನೆ ಮುಂದೆ, ಅವರು 2020ರಲ್ಲಿ ತೀರಿಕೊಳ್ಳುವವರೆಗೂ, ಗುರುವಾರ ಭಾನುವಾರಗಳಂದು ದೇಶದ ಮೂಲೆಮೂಲೆಯ ಕ್ಯಾನ್ಸರ್ ರೋಗಿಗಳು ತೊಗಟೆ ಔಷಧಕ್ಕಾಗಿ ಹಿಂದಿನ ರಾತ್ರಿಯಿಂದಲೇ ಸಾಲು ನಿಂತಿರುತ್ತಿದ್ದರು. ಆ ಔಷಧ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಅದನ್ನು ನಂಬಿ ಚಿಕಿತ್ಸೆ ಬಿಟ್ಟವರು ಬೆಲೆ ತೆತ್ತಿದ್ದಾರೆ. ಆದರೆ ಆ ಸಾಲಿನಲ್ಲಿ ಎಲ್ಲರೂ ಮೂಢರಿದ್ದರೇ? ಆಸ್ಪತ್ರೆಯಲ್ಲಿ ಯಾರೂ ಮುಖ ಕೊಟ್ಟು ಮಾತನಾಡದೆ, ಸತ್ಯ ಹೇಳದೆ ಕೈಬಿಟ್ಟವರೂ ಅಲ್ಲಿದ್ದರು. ನಂಬಿಕೆ ಒಡೆದವರನ್ನು ಬೈಯುವುದರಿಂದ ಅವರು ಹಿಂದಿರುಗುವುದಿಲ್ಲ. ನಂಬಿಕೆಗೆ ಅರ್ಹವಾದ ವ್ಯವಸ್ಥೆ ಕಟ್ಟಿದರೆ ಮಾತ್ರ ಬರುತ್ತಾರೆ.

ನಾನು ಸ್ಕ್ಯಾನ್ ಬೇಡ ಎನ್ನುತ್ತಿಲ್ಲ. ಸರಿಯಾಗಿ ಓದಿದ ಸ್ಕ್ಯಾನ್ ಜೀವ ಉಳಿಸುತ್ತದೆ. ಆದರೆ ಸ್ಕ್ಯಾನೊಂದೇ ಕಣ್ಣು ಎಂಬುದು ಸುಳ್ಳು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ ಅಧ್ಯಯನ ಶುರುಮಾಡಿ 1,51,538 ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದಲೇ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡಾ 30ರ ಹತ್ತಿರ ಇಳಿಯಿತು. ಯಂತ್ರವಿಲ್ಲದೆ, ಕಲಿತ ಕೈಗಳಿಂದ. ನಾವು ಆ ಕೈಗಳಿಗೆ ಕೊಡಬೇಕಾದ ಗೌರವ, ಸಂಬಳ, ತರಬೇತಿ ಕೊಡದೆ ಬೋರ್ಡಿನ ಮೇಲಿನ ಯಂತ್ರಕ್ಕೆ ಕೈಮುಗಿಯುತ್ತಿದ್ದೇವೆ.

ಸರ್ಜಾಪುರ ರಸ್ತೆಯಲ್ಲಿ ಈಗ ಹೊಸ ಭರವಸೆಯೊಂದು ಕೇಳಿಬರುತ್ತಿದೆ: ಎಐ ಬಂದರೆ ಎಲ್ಲ ಸರಿಹೋಗುತ್ತದೆ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಹೆಂಗಸರ ಮ್ಯಾಮೊಗ್ರಾಂ ಮೇಲೆ ನಡೆದ ಅಧ್ಯಯನದಲ್ಲಿ ಎಐ ನೆರವು ಓದುವವರ ಹೊರೆಯನ್ನು ಶೇಕಡಾ 44ರಷ್ಟು ಇಳಿಸಿತು ಎಂದು 2023ರಲ್ಲಿ ವರದಿಯಾಯಿತು. ಆದರೆ ಅಲ್ಲಿ ಎಐಯನ್ನು ಹೋಲಿಸಿದ್ದು ಇಬ್ಬರು ರೇಡಿಯಾಲಜಿಸ್ಟರ ಓದಿಗೆ. ಹೊಣೆ ಹೊತ್ತ ಒಬ್ಬರೂ ಇಲ್ಲದ ಕಡೆ ತಂತ್ರಾಂಶ ತಂದು ಕೂರಿಸಿದರೆ ಮುಂದಿನ ಸಲ “ಕಂಪ್ಯೂಟರ್ ಹೇಳಿದ್ದು” ಎಂಬ ನೆಪ ಸೇರಿಕೊಳ್ಳುತ್ತದೆ, ಅಷ್ಟೇ.

ಹಾಗಾದರೆ ಆಗಬೇಕಾದ್ದೇನು? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಪ್ರತಿ ಕೇಂದ್ರವೂ ತನ್ನ ಓದಿನ ಲೆಕ್ಕ ಕೊಡಬೇಕು. ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಹೊಸದಾಗಿ ದಾಖಲಾಗುವವರ ಹಿಂದಿನ ಎರಡು ವರ್ಷದ ಸ್ಕ್ಯಾನುಗಳನ್ನು ತರಿಸಿ, ಸಂಬಂಧವಿಲ್ಲದ ಇಬ್ಬರಿಂದ ಓದಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಅದಕ್ಕೆ ಜೋಡಿಸಲಿ. ತಪ್ಪು ಕಂಡರೆ ರೋಗಿಗೆ ತಿಳಿಸುವುದನ್ನು ಕಡ್ಡಾಯಮಾಡುವ ಕಾನೂನನ್ನು ವಿಧಾನಸಭೆ ತರಲಿ. ಮ್ಯಾಮೊಗ್ರಾಂ ಓದುವವರಿಗೆ ಕನಿಷ್ಠ ಸಂಖ್ಯೆ, ಎರಡನೇ ಓದು ಕಡ್ಡಾಯವಾಗಲಿ. ಕಮಿಷನ್ ಕೊಟ್ಟ ಕೇಂದ್ರದ ನೋಂದಣಿ ರದ್ದಾಗಲಿ. ‘ನಾರ್ಮಲ್’ ಎಂಬ ಪ್ರತಿ ರಿಪೋರ್ಟಿನ ಕೆಳಗೆ, ಈ ಸ್ಕ್ಯಾನ್ ಏನನ್ನು ಬಿಡಬಹುದು, ಯಾವ ಲಕ್ಷಣ ಮುಂದುವರಿದರೆ ಮತ್ತೆ ಬರಬೇಕು ಎಂಬುದು ಕನ್ನಡದಲ್ಲಿರಲಿ.

ಸರ್ಜಾಪುರ ರಸ್ತೆಯ ಕಂಪನಿಗಳೇ, ಸಾವಿರಾರು ಉದ್ಯೋಗಿಗಳ ತಪಾಸಣೆಯನ್ನು ಗುತ್ತಿಗೆ ಕೊಡುವ ಶಕ್ತಿ ನಿಮ್ಮದು. ಮುಂದಿನ ಟೆಂಡರಿನಲ್ಲಿ ಯಂತ್ರದ ಹೆಸರು ಕೇಳಬೇಡಿ, ಓದುವವರ ಹೆಸರು ಮತ್ತು ತಪ್ಪಿದ ಲೆಕ್ಕ ಕೇಳಿ. ಕೊಡದವರಿಗೆ ಗುತ್ತಿಗೆ ಕೊಡಬೇಡಿ. ರೇಡಿಯಾಲಜಿಸ್ಟರೇ, ಒಂದು ದಿನಕ್ಕೆ ಓದಬಹುದಾದ್ದಕ್ಕಿಂತ ಹೆಚ್ಚು ಹೊರಿಸಿದರೆ ಬರಹದಲ್ಲಿ ನಿರಾಕರಿಸಿ. ಸಹಿ ನಿಮ್ಮದು. ಓದುಗರೇ, ಬರೀ ರಿಪೋರ್ಟ್ ತೆಗೆದುಕೊಂಡು ಬರಬೇಡಿ. ಚಿತ್ರದ ಸಿಡಿ ಕೇಳಿ. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ಹಳೆಯ ಚಿತ್ರಗಳನ್ನು ಕಾಪಾಡಿಕೊಳ್ಳಿ. ಗಂಟು ಹಾಗೇ ಇದ್ದರೆ, ರಕ್ತ ಬರುತ್ತಿದ್ದರೆ, ಕೆಮ್ಮು ನಿಲ್ಲದಿದ್ದರೆ, ಸ್ಕ್ಯಾನ್ ಏನೇ ಹೇಳಿರಲಿ, “ಬಯಾಪ್ಸಿ ಯಾಕೆ ಬೇಡ, ಬರೆದುಕೊಡಿ” ಎಂದು ಕೇಳಿ.

ನಂಬಿ ಎಂದು ಇನ್ನು ಯಾರೂ ನಮಗೆ ಬೋಧಿಸುವುದು ಬೇಡ. ಎಷ್ಟು ಓದಿದಿರಿ, ಎಷ್ಟು ತಪ್ಪಿದಿರಿ, ತಪ್ಪಿದ್ದನ್ನು ಯಾರಿಗೆ ಹೇಳಿದಿರಿ? ಮೊದಲು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರುವುದು ನಮ್ಮ ಹಕ್ಕು, ಉತ್ತರಿಸದ ಕೇಂದ್ರಕ್ಕೆ ಬೀಗ ಹಾಕುವುದು ಸರ್ಕಾರದ ಕರ್ತವ್ಯ.